ತಾರೀಖು ಬರೀರಿ

ಸುಣ್ಣ ಕಲಸಾಕ ಒಂದು ಕೊಡ ನೀರು ಕೇಳಿದೆ.
ಗುರುಸಂಗವ್ವ ಮಗ್ಗದ ತೆಗ್ಗಿನಾಗಿಂದ ಏಳಲಿಲ್ಲ.
ಲಾಳಿ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ.
"ಹೋದ ಸಲ ಕೊಟ್ಟಿದ್ನೆಲ್ಲೋ ಬಂದೇನವಾಜ,
ತುಂಬಿದ ಕೊಡ.
ಈ ಸಲ ನೀರು ನೀವ ತರ್ರಿ."

ಗುಳೇದಗುಡ್ಡದಾಗ ನನ್ನ ಕುಂಚ ತಾಕದ ಗ್ವಾಡಿ ಕಡಿಮಿ.
ಕಿರಾಣಿ ಅಂಗಡಿ, ಸೋಡಾ ಬಂಡಿ, ಸಾಲಿ ಕಂಪೌಂಡು,
ಐದು ವರ್ಷಕ್ಕೊಮ್ಮೆ ಪಕ್ಷದ ಗುರುತು.
ಅಕ್ಷರ ನಂದು, ಮಾತು ಅವರದು,
ಹಂಗಂತ ನನಗ ನಾನ ಹೇಳಿಕೊಂಡು ಉಂಡೇನಿ.
ಆಕಿ ಗ್ವಾಡಿಗೆ ನೀಲಿಯೊಳಗ ಬರದಿದ್ದೆ, ಮೊಳದುದ್ದ:
ಮನಿ ಮನಿಗೆ ನಳ, ನಳ ತುಂಬ ನೀರು.
ನೀರಿನ ದೀರ್ಘ ಬಾಗಲತನಕ ಎಳದಿದ್ದೆ.
ಆಕಿ ನೋಡಿ ನಕ್ಕಿದ್ದಳು.

ನಳ ಬಂತು, ಸುಳ್ಳು ಹೇಳಬಾರದು.
ಕಟ್ಟಿ ಮುಂದ ಮೊಳಕಾಲೆತ್ತರ, ಹಿತ್ತಾಳಿ ತಿರುಪು.
ನಂಬರು ಬರದಾಂವನೂ ನಾನ, ನಾಲ್ಕುನೂರಾ ಹದಿನೇಳು.
ಫೋಟೋ ತಗಸ್ಕೊಂಡ್ರು.
ಮೊದಲ ವಾರ ಆಕಿ ಅದರ ಬುಡಕ ಕೊಡ ಇಟ್ಟು ಮಲಗಿದಳಂತ,
ರಾತ್ರಿ ಬಂದೀತು ಅಂತ.
ಆಮ್ಯಾಲ ತಂಬಿಗಿ ಇಟ್ಟಳು.
ಆಮ್ಯಾಲ ಏನೂ ಇಡಲಿಲ್ಲ.
ಈಗ ನಳದ ಬಾಯಾಗ ಕುಂಬಾರ ಹುಳ
ಹಸಿ ಮಣ್ಣು ತಂದು ಮನಿ ಕಟ್ಟೇತಿ.
ಮಣ್ಣು ಕಲಸಾಕ
ಎಲ್ಲೋ ನೀರು ಸಿಕ್ಕೇತಿ ಅದಕ್ಕ.

ಸಂಗನಬಸು, ಹೆಗಲ ಮ್ಯಾಲ ಶಾಲು, ನಮ್ಮ ಓಣಿ ಲೀಡರು,
ಟ್ಯಾಂಕರಿನಿಂದ ನೀರು ತರಿಸಿದ. ನಾನು ಸುಣ್ಣ ಬಳದೆ.
ಹಸಿ ಸುಣ್ಣದೊಳಗ ಹಳೇ ಅಕ್ಷರ ಕಾಣತಾವ,
ಒಣಗಿದ ಮ್ಯಾಲ ಮುಚ್ಚತಾವ.
ಇದು ನಮ್ಮ ಕಸಬಿನ ಗುಟ್ಟು,
ಅವರದೂ ಇದ್ದೀತು.
ಒಣಗೂತನಕ ಬೀಡಿ ಸೇದತಾ ಕುಂತೆ.
ಸಂಗನಬಸು ಚೀಟಿ ಕೊಟ್ಟ, ಈ ಸಲದ ಮಾತು.
ಓದಿದೆ. ಅದ ಮಾತು.
ಒಂದು ಕಾಮಾ ಸೈತ ಬದಲಿಲ್ಲ.

ಸಾಲಿಯಿಂದ ಮೊಮ್ಮಗಳು ಬಂತು,
ಹಸಿ ಗ್ವಾಡಿ ಮುಂದ ನಿಂತು ಓದಿತು: ನೀ... ರು.
"ಆ ಅಕ್ಷರ ಕಲತದ್ದು ಇದ ಗ್ವಾಡಿ ಮ್ಯಾಲ," ಅಂದಳು ಗುರುಸಂಗವ್ವ.
ಹೊರಗ ಬಂದಿದ್ದಳು, ಸೆರಗಿಗೆ ರೇಶ್ಮಿ ಎಳಿ ಅಂಟಿದ್ದವು.
ಸಿಟ್ಟು ಇರಲಿಲ್ಲ ದನ್ಯಾಗ. ಸಿಟ್ಟು ಇದ್ದಿದ್ರ
ಸಂಗನಬಸೂಗ ಕೈ ಮುಗಿಯೂದು ಗೊತ್ತಿತ್ತು.

"ಎಳಿ ಹರೀತಾವಪಾ. ಗಂಟು ಹಾಕತೇವಿ.
ನಿಮ್ಮ ಸಲುವಾಗಿ ಒಂದು ಹಾಕಿದೆ, ರೊಕ್ಕ ಬಂದಿಲ್ಲಂದ್ರಿ.
ಇನ್ನೊಂದು ಹಾಕಿದೆ, ಪೈಪು ಒಡದೈತಿ ಅಂದ್ರಿ.
ಹಿಂದಿನವರ ತಪ್ಪಂದ್ರಿ, ಅದಕ್ಕೂ ಒಂದು ಹಾಕಿದೆ.
ಬರೇ ಗಂಟಿನ ಖಣ ಯಾರು ಹೊಲಸ್ಕೋತಾರ?
ಬರೀರಿ, ಬ್ಯಾಡ ಅನ್ನಂಗಿಲ್ಲ.
ಬಾಜೂಕ ತಾರೀಖು ಬರೀರಿ.
ಸಾಲ ಕೊಟ್ಟಾಗ ನಮ್ಮ ಕಡೆ ಬರಸ್ಕೋತೀರಲ್ಲ, ಹಂಗ."

ಸಂಗನಬಸು ಫೋನ್ ಹಚ್ಚಿದ. ಬಾಗಲಕೋಟಿಯವರು ಎತ್ತಲಿಲ್ಲ.
ಮತ್ತ ಹಚ್ಚಿದ.
ಹೊಳ್ಳಿ ನಿಂತು ಸಣ್ಣ ದನೀಲೆ,
"ಗುರುತು ಒಂದು ತಗಿ, ಸಾಕು," ಅಂದ.

ಹೋದ ಸಲದ ನನ್ನ ಬಿಲ್ಲು, ಸಾವಿರದ ಎಂಟನೂರು,
ಕಿಸೇದಾಗ ಮಡಚಿದಲ್ಲೇ ಹರದಿತ್ತು.
ಅದರ ಮ್ಯಾಲ ತಾರೀಖು ಇತ್ತು.

ಸುಣ್ಣ ಒಣಗಿತು. ಗ್ವಾಡಿ ಏನೂ ಅರಿಯದವರಂಗ ಬೆಳ್ಳಗಾತು.
ನೀಲಿ ಡಬ್ಬಿ ಮುಚ್ಚಳ ತಗದೆ, ಕುಂಚ ಅದ್ದಿದೆ,
ಬಲಗಡೆ ಮೊದಲ ಬರದೆ: ತಾರೀಖು.
ಮುಂದ ಎರಡು ಚುಕ್ಕಿ ಇಟ್ಟು
ಜಾಗಾ ಬಿಟ್ಟು
ಹಿಂದ ಸರದೆ.

ಬಣ್ಣ ಇನ್ನೂ ಹಸಿ ಇತ್ತು.
ಹುಡುಗಿ ಓದಾಕಂತ ಮುಟ್ಟಿತು,
ಬೆರಳಿಗೆ ನೀಲಿ ಹತ್ತಿತು.