ಗುರುವಾರದ ಕ್ರಿಯಾಪದ

ಹಲ್ ಬಂದರು, ಎಪ್ಪತ್ತಾರನೇ ಇಸವಿಯ ನವೆಂಬರ್.
ಲಾಂಡ್ರಿಯ ಮೇಲಿನ ಕೋಣೆ. ಕೆಳಗೆ ಯಂತ್ರಗಳು
ಯಾರದೋ ಹೊದಿಕೆಗಳನ್ನು ಗಿರಗಿರ ತಿರುಗಿಸುತ್ತವೆ,
ನೆಲ ನಡುಗುತ್ತದೆ, ಮೇಜಿನಿಂದ ಸೀಮೆಸುಣ್ಣ ಉರುಳುತ್ತದೆ.

ಹಲಗೆಯ ಮೇಲೆ ಬರೆದೆ: ಎಕ್ಸ್‌ಪೆಕ್ಟ್.
ಆರು ಜನ ವಿದ್ಯಾರ್ಥಿಗಳು, ಐದು ಪೆನ್ಸಿಲ್ಲು.

"ಇದು ಕಾಯುವುದಲ್ಲ," ಎಂದೆ. "ಕಾಯುವುದು ಮೈಗೆ ಸೇರಿದ್ದು,
ಮಂಡಿನೋವು, ಬಸ್‌ಸ್ಟಾಪು.
ಆಶಿಸುವುದೂ ಅಲ್ಲ. ಅದಕ್ಕೆ ಆಧಾರವೇ ಬೇಕಿಲ್ಲ,
ಫುಟ್‌ಬಾಲ್ ಜೂಜಿನ ಚೀಟಿ ತುಂಬುವವನೂ ಆಶಿಸುತ್ತಾನೆ.
ಎಕ್ಸ್‌ಪೆಕ್ಟ್ ಎಂದರೆ ಕಾರಣ ಇಟ್ಟುಕೊಂಡು ನಂಬುವುದು:
ಟಪಾಲಿನವನು ಎಂಟಕ್ಕೆ ಬರುತ್ತಾನೆ, ನಿನ್ನೆಯೂ ಬಂದಿದ್ದ.
ಹೆಡ್‌ಮಾಸ್ತರರು ಶಿಸ್ತನ್ನು ಎಕ್ಸ್‌ಪೆಕ್ಟ್ ಮಾಡಿದರೆ
ಅದು ಅಪ್ಪಣೆ, ಬೆತ್ತ ಮೂಲೆಯಲ್ಲೇ ಇದೆ.
ಇನ್ನು ಹೆಂಗಸೊಬ್ಬಳು ಬರೀ ಎಕ್ಸ್‌ಪೆಕ್ಟಿಂಗ್ ಎಂದು ನಿಲ್ಲಿಸಿದರೆ,
ಏನನ್ನು ಅಂತ ಕೇಳಬೇಡಿ, ಅವಳು ಬಸುರಿ."
ನಕ್ಕರು. ಪೋಲೆಂಡಿನ ಮುದುಕ ಝೆನೋನ್
ತನ್ನ ಹೊಟ್ಟೆ ಸವರಿಕೊಂಡ.

ಎಲ್ಸೀರಾ ನಗಲಿಲ್ಲ. ಚಿಲಿಯ ಲೋಟಾದವಳು, ಕಲ್ಲಿದ್ದಲ ಊರು.
ಕಾಯು, ಆಶಿಸು, ಎಕ್ಸ್‌ಪೆಕ್ಟ್, ಮೂರನ್ನೂ ದಿಟ್ಟಿಸಿ
"ನಮ್ಮಲ್ಲಿ ಎಲ್ಲಕ್ಕೂ ಒಂದೇ," ಎಂದಳು, "ಎಸ್ಪೆರಾರ್."
"ಒಂದೇ ಪಾತ್ರೆಯಲ್ಲಿ ಮೂರನ್ನೂ ಬೇಯಿಸುತ್ತೀರಾ?"
"ಇರುವುದೊಂದೇ ಪಾತ್ರೆ, ಮೇಡಂ."

ಮನೆಪಾಠ ತಿದ್ದಲು ಕೂತಾಗ ಕಂಡದ್ದು, ಅವಳ ಗುಂಡು ಅಕ್ಷರ:
ಜೈಲಿನ ಬಾಗಿಲಲ್ಲಿ ನಾನು ಗಂಡನನ್ನು
ಹನ್ನೊಂದು ದಿನ ಎಕ್ಸ್‌ಪೆಕ್ಟ್ ಮಾಡಿದೆ.
ಕಾವಲಿನವ ಹೇಳಿದ, ಆ ಹೆಸರಿನವರು ಇಲ್ಲಿಲ್ಲ.
ಅವನ ಅಂಗಿಯನ್ನು ಮನೆಗೆ ವಾಪಸು ತಂದೆ.

ಮೊದಲನೆಯ ವಾಕ್ಯ ತಪ್ಪು. ಬಾಗಿಲಲ್ಲಿ ನಿಂತವರು ಕಾಯುತ್ತಾರೆ,
ವ್ಯಾಕರಣಕ್ಕೆ ಗೊತ್ತಿರುವುದು ಅಷ್ಟೇ.
ಕೆಂಪು ಪೆನ್ನಿನ ಮುಚ್ಚಳ ತೆಗೆದೆ, ಹಾಕಿದೆ, ಎದ್ದು ಚಹಾ ಮಾಡಿದೆ.

ನನ್ನಪ್ಪ ಟ್ರಾಲರಿನವನು. ಮೂರು ವಾರ ಐಸ್‌ಲ್ಯಾಂಡಿನ ಕಡಲು,
ಮೂರು ದಿನ ನಾವು.
ಅವನು ಹೊರಟ ದಿನ ಅಮ್ಮ ಬಟ್ಟೆ ಒಗೆಯುತ್ತಿರಲಿಲ್ಲ,
ಒಗೆದರೆ ಗಂಡ ಕೊಚ್ಚಿಹೋಗುತ್ತಾನೆಂಬುದು
ಹೆಸ್ಲ್ ರೋಡಿನ ಹೆಂಗಸರ ನೇಮ.
ಆ ಸಲ ಗುರುವಾರದ ಉಬ್ಬರಕ್ಕೆ ಬರಬೇಕಿತ್ತು.
ಅಮ್ಮ ಆಲೂಗಡ್ಡೆ ಸುಲಿದಳು, ಅವನ ಪಾಲನ್ನೂ ಸೇರಿಸಿ.
ಶುಕ್ರವಾರ: "ಎಂಜಿನ್ನು ಕೈಕೊಟ್ಟಿರಬೇಕು, ಐ ಎಕ್ಸ್‌ಪೆಕ್ಟ್."
ಭಾನುವಾರ: "ರೇಡಿಯೋ ತಂತಿಗೆ ಹಿಮ ಕಟ್ಟಿರಬೇಕು, ಐ ಎಕ್ಸ್‌ಪೆಕ್ಟ್."
ಎಂಟನೆಯ ದಿನ ಕಂಪನಿಯವರಿಬ್ಬರು ಬಂದು
ಟೋಪಿ ಕೈಯಲ್ಲಿ ಹಿಡಿದು ಹೊಸ್ತಿಲಾಚೆಯೇ ನಿಂತರು.
ಅಮ್ಮ ಅವರ ಬೂಟುಗಳನ್ನು ನೋಡಿದಳು.
"ಚಹಾ ಕುಡಿಯುತ್ತೀರಿ," ಅಂದಳು, "ಐ ಎಕ್ಸ್‌ಪೆಕ್ಟ್."

ನನ್ನ ಪಠ್ಯಪುಸ್ತಕದಲ್ಲಿ ಈ ಬಳಕೆಗೆ ಸಿಕ್ಕಿರುವುದು ಅರ್ಧ ಸಾಲು:
ಆಡುಮಾತು; ಊಹೆ.

ಮುಂದಿನ ಗುರುವಾರ ನೋಟುಬುಕ್ಕು ಹಿಂದಿರುಗಿಸಿದೆ,
ಆ ವಾಕ್ಯವನ್ನು ಮುಟ್ಟದೆ.
ಎಲ್ಸೀರಾ ಪುಟ ತಿರುವಿ, ಹುಬ್ಬು ಗಂಟಿಕ್ಕಿ,
"ಇದು ತಪ್ಪಲ್ಲವಾ? ಉಳಿದವರದನ್ನೆಲ್ಲ ತಿದ್ದಿದ್ದೀರಿ."
ತಿದ್ದಿದೆ. ಮೀನು ಸೀಳುವ ಕೆಲಸ ಮುಗಿಸಿ,
ಕೈತೊಳೆದು, ಫೀಸು ಕೊಟ್ಟು
ತಿದ್ದಿಸಿಕೊಳ್ಳಲೆಂದೇ ಬರುವವಳು ಅವಳು.

ಪಾಠ ಮುಗಿದು ಇಬ್ಬರೂ ಬಸ್‌ಸ್ಟಾಪಿನಲ್ಲಿ.
ಗಾಳಿಯಲ್ಲಿ ಮೀನುಗೊಬ್ಬರದ ಕಾರ್ಖಾನೆ.
ಒಂಬತ್ತೂ ಹತ್ತರ ಬಸ್ಸು ಒಂಬತ್ತೂವರೆಯಾದರೂ ಇಲ್ಲ.
"ಎಲ್ಲೋ ಕೆಟ್ಟು ನಿಂತಿರಬೇಕು, ಐ ಎಕ್ಸ್‌ಪೆಕ್ಟ್," ಅಂದೆ.
ಅಂದ ಮೇಲೆ ಕೇಳಿಸಿತು, ಯಾರ ದನಿಯೆಂದು.

ಎಲ್ಸೀರಾ ಹಲ್ಲಿನಿಂದ ಕೈಗವಸು ಎಳೆದು ಪೆನ್ಸಿಲ್ ತೆಗೆದಳು.
"ಈ ಬಗೆಯದನ್ನು ನೀವು ಹಲಗೆಯ ಮೇಲೆ ಬರೆಯಲೇ ಇಲ್ಲ."
ದೀಪದ ಕಂಬದಡಿ ನೋಟುಬುಕ್ಕು ಬಿಡಿಸಿ ಹಿಡಿದಳು.
"ನಿಧಾನವಾಗಿ ಹೇಳಿ, ಮೇಡಂ.
ಮೊದಲು ಬಸ್ಸು. ಆಮೇಲೆ?"