ಹುದುಗು

ಎರ್ಮೆಲಿಂಡಾ ಮನೆಯಲ್ಲಿ ಸೂರಿನ ರಿಪೇರಿ.
"ನಿಮ್ಮ ಅಡುಗೆಮನೆ ಬೆಚ್ಚಗಿದೆ, ಟೀಚರ್" ಅಂತ
ವಾಕೋಲಾದ ಗಲ್ಲಿ ದಾಟಿ
ಸೊಂಟದ ಮೇಲೆ ಕೂಸಿನ ಹಾಗೆ ತಂದಿಟ್ಟಳು
ಗಾಜಿನ ಭರಣಿ.

ಹಿಚುಕಿದ ಕರಿದ್ರಾಕ್ಷಿ, ಸಿಪ್ಪೆ, ಸಕ್ಕರೆ, ಹಿಡಿ ಗೋಧಿ.
"ಇದಕ್ಕೆ ಮಸ್ಟ್ ಅಂತಾರೆ."
ಮುನ್ಸಿಪಾಲ್ಟಿಯ ಕನ್ನಡ ಶಾಲೆಯಲ್ಲಿ ಇಪ್ಪತ್ತೊಂಬತ್ತು ವರ್ಷ
ಶಬ್ದಾರ್ಥ ಬರೆಸಿದವಳು ನಾನು.
ಮಸ್ಟ್ ಅಂದರೆ 'ಲೇಬೇಕು':
ಬರಲೇಬೇಕು, ಬರೆಯಲೇಬೇಕು.
"ಇರಬಹುದು" ಅಂದಳು, "ಇದೂ ಉಕ್ಕಲೇಬೇಕು."

ಯೀಸ್ಟ್ ನನಗೆ ಹೊಸತಲ್ಲ. ಹೆಪ್ಪಿನ ದಾಯಾದಿ.
ರಾತ್ರಿ ಒಂದು ಹನಿ ಬಿಟ್ಟು ಮಲಗುತ್ತೇವೆ,
ಬೆಳಗಾದರೆ ಕೆಲಸ ಮುಗಿದಿರುತ್ತದೆ,
ಮಾಡಿದವರು ಕಾಣುವುದಿಲ್ಲ.

ಪ್ರೈಮರಿ, ಸೆಕೆಂಡರಿ? ಅವೂ ಗೊತ್ತು.
ಮೊದಲಿನದರಲ್ಲಿ ಬರೀ ಗಲಾಟೆ, ನೊರೆ,
ದಿನಕ್ಕೆರಡು ಸಲ ಸೌಟಿನಿಂದ ತಲೆ ತಗ್ಗಿಸಬೇಕು.
ಎರಡನೆಯದು
ಬಾಯಿ ಬಿಗಿದು ಮೂಲೆಯಲ್ಲಿ ಕೂರುವ ವಯಸ್ಸು.

ಸೋಸಿ, ಬಿರಡೆ ಜಡಿದು, ಡೊಂಕು ನಳಿಗೆ ಸಿಕ್ಕಿಸಿ
ಅದರಲ್ಲಿ ಗುಟುಕು ನೀರಿಟ್ಟಳು. ಏರ್‌ಲಾಕ್.
ಒಳಗಿನ ಉಸಿರು ಹೊರಗೆ ಹೋಗಬಹುದು,
ಹೊರಗಿನದಕ್ಕೆ ಪ್ರವೇಶವಿಲ್ಲ.

ಅಕ್ಕಿ ಡಬ್ಬದ ಹಿಂದೆ, ಗೋಣಿ ಹೊದಿಸಿ ಇಟ್ಟೆ.
ಅವತ್ತೇ ನಿಘಂಟು ತೆರೆದೆ.
ಹುದುಗು: ಅಡಗು, ಮರೆಯಾಗು.
ಹುದುಗು: ಹುಳಿಬರು, ಉಬ್ಬು.
ಒಂದೇ ಮಾತಿಗೆ ಎರಡು ಬಾಗಿಲು
ಇಷ್ಟು ವರ್ಷ ನನ್ನ ಕಣ್ಣಿಗೇ ಬಿದ್ದಿರಲಿಲ್ಲ.

ಕಣ್ಣು ಕಾಣದ ಅತ್ತೆಗೆ ಮಾತ್ರ ಕಿವಿ ಚುರುಕು.
"ಯಾರೇ ಅದು, ಅಡುಗೆಮನೆಯಲ್ಲಿ
ಉಗುಳು ನುಂಗ್ತಾ ಕೂತಿರೋದು?"
ಗುಳುಕ್.
"ನಲ್ಲಿ, ಅತ್ತೆ."
ಗುಳುಕ್.
"ನಲ್ಲಿಗೆ ಇಷ್ಟು ಯೋಚನೆ ಇರಲ್ಲ."

ಮೂರನೇ ವಾರ ಸದ್ದು ನಿಂತಿತು.
"ಹೋದರೇ?" ಅಂದರು, ನಿಜವಾದ ದುಃಖದಲ್ಲಿ.
ಓಡಿ ಹೋಗಿ ಎರ್ಮೆಲಿಂಡಾಳನ್ನು ಕರೆತಂದೆ.
ಚಮಚ ನೆಕ್ಕಿ ಕಣ್ಣು ಮುಚ್ಚಿದಳು:
"ಸಕ್ಕರೆಯನ್ನೆಲ್ಲ ತಿಂದು ಮುಗಿಸಿದೆ. ಡ್ರೈ."
ಭರಣಿ ತುಂಬ ಒದ್ದೆ, ಅದಕ್ಕೆ ಹೆಸರು ಒಣ.
ಈ ಪಾಠವನ್ನು ನಾನು ಯಾವ ತರಗತಿಗೂ ಮಾಡಲಾರೆ.

ತಳದಲ್ಲಿ ಬೆರಳುದ್ದ ಗಸಿ.
ಅಲುಗಿಸದೆ, ಪೈಪಿನಿಂದ, ಮೇಲಿನದಷ್ಟನ್ನೇ ಬಸಿದೆವು,
ಇಬ್ಬರೂ ಉಸಿರು ಹಿಡಿದು.
"ರ್‍ಯಾಕಿಂಗ್" ಅಂದಳು.
ತಿಳಿ, ಅಂದೆ.
"ಏನು ತಿಳಿಯಬೇಕು?"
ಏನಿಲ್ಲ, ಇದರ ಹೆಸರೇ ತಿಳಿ.

ಗಸಿಯನ್ನು ಕರಿಬೇವಿನ ಕುಂಡಕ್ಕೆ ಸುರಿದೆ.
ಅತ್ತೆಗೆ ಒಂದು ಚಮಚ ಕುಡಿಸಿದೆ.
"ಕಷಾಯವೇ?"
"ಹ್ಞೂಂ."
ಚಪ್ಪರಿಸಿದರು, ಸುಮ್ಮನಿದ್ದರು,
ಆಮೇಲೆ ಒಂದೆರಡು ಸಲ ಕೆಮ್ಮಿ ತೋರಿಸಿದರು.

ಭರಣಿ ತಿರುಗಿ ಹೋಗಿದೆ.
ಅಕ್ಕಿ ಡಬ್ಬದ ಹಿಂದೆ ದುಂಡನೆಯ ತೇವದ ಗುರುತು.
ನೆತ್ತಿಯ ಮೇಲೆ ವಿಮಾನ ಹಾದ ಮೇಲಿನ ಮೌನದಲ್ಲಿ
ಅತ್ತೆ ಈಗಲೂ
ಅಡುಗೆಮನೆಯ ಕಡೆಗೇ ಕಿವಿಕೊಟ್ಟು ಮಲಗುತ್ತಾರೆ.