ಒಳಮಡಿಕೆ

ಎರಡು ಜಡೆ ಒಂದು ಕಡೆ ಕೂಡಲ್ಲ ಅಂತಾರೆ.
ನಾನು ಎಂಟು ಜಡೆ ನೋಡಿದ್ದೇನೆ
ಹನ್ನೊಂದು ವರ್ಷ, ಒಂದೇ ಕನ್ನಡಿಯ ಮುಂದೆ,
ನಾಗರಬಾವಿಯ ಆ ಶೂಟಿಂಗ್ ಮನೆಯಲ್ಲಿ.
ಹಾಲೇ ಕ್ಲಾಸ್‌ರೂಮು, ದೇವರ ಕೋಣೆ ಹೆಡ್‌ಮಿಸ್ ಆಫೀಸು,
ಟೆರೇಸಿನ ಮೇಲೆ ನೀರಿನ ಟ್ಯಾಂಕಿನ ನೆರಳಿಗೆ
ನಾನು, ನನ್ನ ಮಿಷನ್ನು.

ಧಾರಾವಾಹಿಗೂ ಅದೇ ಹೆಸರು, ‘ಎಂಟು ಜಡೆ’.
ರಾತ್ರಿ ಏಳೂವರೆಗೆ. ಸಾರಿಗೆ ಒಗ್ಗರಣೆ ಬೀಳೋ ಹೊತ್ತು.
ಹತ್ತನೇ ಕ್ಲಾಸು ಬಿ ಸೆಕ್ಷನ್ನಿನ ನಾಲ್ಕು ಹುಡುಗಿಯರು
ಪರೀಕ್ಷೆ ಬಂತು ಬಂತು ಅಂತ ನಡುಗುತ್ತಾ
ಹತ್ತನೇ ಕ್ಲಾಸಲ್ಲೇ ಕೂತುಬಿಟ್ಟರು.
ಅವರು ಪಾಸಾಗೋದು ಚಾನೆಲಿನವರಿಗೆ ಬೇಕಿರಲಿಲ್ಲ.

ಬಟ್ಟೆಗೆ ಮಾತ್ರ ಸುಳ್ಳು ಹೇಳೋಕೆ ಬರಲ್ಲ.

ಮೊದಲ ದಿನ ಅಳತೆ ತಗೊಂಡಾಗ
ನಾಲ್ವರಿಗೂ ಇಪ್ಪತ್ತರ ಆಸುಪಾಸು.
ಸುಲ್ತಾನ್‌ಪೇಟೆಯಿಂದ ತಂದ ನೇವಿ ಬ್ಲೂ ತಾನು,
ಅಭ್ಯಾಸಬಲ, ಎರಡಿಂಚು ಒಳಮಡಿಕೆ ಬಿಟ್ಟೆ,
ಬೆಳೆಯೋ ಮಕ್ಕಳಿಗೆ ಬಿಡ್ತಾರಲ್ಲ, ಹಾಗೆ.
ಡೈರೆಕ್ಟರ್ರು ನಕ್ಕರು: “ಇವರು ಬೆಳೆಯಲ್ಲಮ್ಮ.”

ಮೂರನೇ ವರ್ಷ ಕಾಲಿಂಚು ಬಿಚ್ಚಿದೆ.
ಐದನೇ ವರ್ಷ ಅರ್ಧ.
ತಸ್ಕೀನಳಿಗೆ ಥೈರಾಯ್ಡು. ರೋಸಲಿನ್ ಅಪ್ಪ ತೀರಿಕೊಂಡು
ಎರಡು ತಿಂಗಳಿಗೆ ಕಡ್ಡಿಯಾದಳು, ಮತ್ತೆ ಹಿಡಿದೆ.
ವಿಶಾಲು ಯಾವತ್ತೂ ಏನೂ ಹೇಳಿದವಳಲ್ಲ,
ಬಲಗಡೆ ಭುಜ ಮಾತ್ರ ವರ್ಷ ವರ್ಷ ಇಳೀತಿತ್ತು.
ಒಳಗೊಂದು ಪ್ಯಾಡ್ ಇಟ್ಟೆ. ಇಬ್ಬರೂ ಕೇಳಲಿಲ್ಲ, ಹೇಳಲಿಲ್ಲ.

ಏಳನೇ ವರ್ಷ ಚಂಪಿಗೆ ಏಳು ತಿಂಗಳು.
(ಅವಳ ನಿಜವಾದ ಹೆಸರು ಇಂದುಶ್ರೀ.
ಅವಳ ಗಂಡ ಕೂಡ ಚಂಪಿ ಅಂತಲೇ ಕರೀತಿದ್ದ.)
ಪಕ್ಕದ ಹೊಲಿಗೆ ಪೂರ್ತಿ ಬಿಚ್ಚಿ
ನಡುವೆ ಬೇರೆ ಬಟ್ಟೆಯ ಪಟ್ಟಿ ಕೊಟ್ಟೆ, ಅದರ ಮೇಲೆ ಸ್ಕೂಲ್ ಬ್ಯಾಗು.
ಆ ವರ್ಷವಿಡೀ ಚಂಪಿ ಬ್ಯಾಗನ್ನು ಹೊಟ್ಟೆಗವಚಿಕೊಂಡೇ ನಿಂತಳು,
ಕೂತಳು, ಬಸ್ಕಿ ಹೊಡೆದಳು.
“ಅದ್ರಲ್ಲೇನೇ ಇದೆ?” “ಡಬ್ಬಿ, ಮಿಸ್.”
ಕರ್ನಾಟಕವೆಲ್ಲ ನಕ್ಕಿತು.
ಹೆತ್ತು ನಲವತ್ತೈದನೇ ದಿನಕ್ಕೆ ವಾಪಸು ಬಂದಳು.
ಪ್ರಾರ್ಥನೆಯ ಸೀನು. ಕೈಮುಗಿದು ನಿಂತಿದ್ದಾಗ
ಎದೆಯ ಮೇಲೆ ನೀಲಿ ಇನ್ನಷ್ಟು ನೀಲಿಯಾಯಿತು.
ಯಾರೋ “ಕಟ್” ಅಂದರು. ಅವಳು ಮೆಟ್ಟಿಲು ಹತ್ತಿ ಬಂದು
ನನ್ನ ಮಿಷನ್ ಪಕ್ಕ ಕೂತು
ಸುಮ್ಮನೆ ಬಾಬಿನ್ ತಿರುಗೋದನ್ನು ನೋಡಿದಳು.
ಅಂದಿನಿಂದ ಮುಂಭಾಗಕ್ಕೆ ಎರಡು ಪದರ ಹತ್ತಿ.

ನನ್ನ ಮಗಳು ಸುವರ್ಚಲ
ಮೊದಲ ಕಂತು ನೋಡುವಾಗ ಒಂದನೇ ಕ್ಲಾಸು,
ಅವರೆಲ್ಲ ಅವಳಿಗೆ ಅಕ್ಕಂದಿರು.
ಒಂದಿನ ಅವರ ಕ್ಲಾಸಿಗೇ ಬಂದಳು,
ನಿಜವಾದ ಹತ್ತನೇ ಕ್ಲಾಸು, ನಿಜವಾದ ಗಣಿತ, ನಿಜವಾದ ಫೇಲು.
ಆ ಸಾಯಂಕಾಲ ಟಿವಿಯಲ್ಲಿ ಚಂಪಿಗೆ ಸೊನ್ನೆ ಬಂದು
ಹಿನ್ನೆಲೆಯಲ್ಲಿ ಯಾರ್ಯಾರೋ ನಕ್ಕಾಗ
ಸುವರ್ಚಲ ಎದ್ದು ಟಿವಿ ಆರಿಸಿದಳು.
ನಾನು ಮಾರನೇ ದಿನ ಕೆಲಸಕ್ಕೆ ಹೋದೆ, ಇನ್ನೇನು ಮಾಡಲಿ.
ಸಪ್ಲಿಮೆಂಟರಿಯಲ್ಲಿ ಪಾಸಾದಳು.
ನಾಲ್ಕು ಜನ ಅಕ್ಕಂದಿರನ್ನು ಹಿಂದೆ ಬಿಟ್ಟು ಪಿಯುಸಿಗೆ ಹೋದಳು.

ಕೊನೆಯ ಕಂತಲ್ಲಿ ಎಲ್ಲರೂ ಪಾಸು. ಕೇಕು, ಕಣ್ಣೀರು,
ಗೋಡೆಯ ಬೋರ್ಡು ತಲೆಕೆಳಗಾಗಿ ಟೆಂಪೊ ಹತ್ತಿತು.
ಯೂನಿಫಾರ್ಮು ಎಣಿಸಿ ತಗೊಂಡೆ. ತಿರುವಿ ನೋಡಿದರೆ
ಒಳಗೆಲ್ಲ ಸೂಜಿಯ ತೂತುಗಳು, ಸಾಲಿನ ಪಕ್ಕ ಸಾಲು,
ಒಳಮಡಿಕೆ ಒಂದು ನೂಲೂ ಉಳಿದಿರಲಿಲ್ಲ.

ಮೊನ್ನೆ ಮೆಟ್ರೊದಲ್ಲಿ, ವಿಜಯನಗರದ ಹತ್ತಿರ,
ಕಾಲೇಜು ಹುಡುಗಿಯರಿಬ್ಬರು ಒಂದೇ ಇಯರ್‌ಫೋನಿನ
ಒಂದೊಂದು ತುದಿ ಹಂಚಿಕೊಂಡು ನಗ್ತಿದ್ದರು.
ಬಗ್ಗಿ ನೋಡಿದೆ, ಬ್ಯಾಗಿನ ಸೀನು.
“ಏನಾಂಟಿ, ನೀವೂ ನೋಡ್ತಿದ್ರಾ?”
ಹೂಂ ಅಂದೆ.
ನನ್ನ ಕಣ್ಣು ಚಂಪಿಯ ಕಂಕುಳ ಕೆಳಗಿತ್ತು.
ಅವತ್ತು ನೀಲಿ ದಾರ ಮುಗಿದು ಕಪ್ಪು ಹಾಕಿದ್ದೆ,
ನಾಲ್ಕೇ ಬೆರಳಷ್ಟು.
ಕಾಣ್ತಿತ್ತು.